ಎರಡು ನಿಮಿಷಕ್ಕೊಂದು ಚಮಚ

ಮಕ್ಕಳ ವಾಂತಿ-ಭೇದಿಗೆ ಬೇಕಾದ ಔಷಧ ಅಗ್ಗದ್ದು, ಎಲ್ಲೆಡೆ ಸಿಗುವಂಥದ್ದು. ಅದು ಸರಿಯಾದ ಅಳತೆಯಲ್ಲಿ, ಸರಿಯಾದ ವೇಗದಲ್ಲಿ ಮಗುವಿನ ಹೊಟ್ಟೆ ಸೇರುವಂತೆ ನೋಡಿಕೊಳ್ಳುವ ಹೊಣೆ ನರ್ಸ್‌ಗಳದ್ದು.

ಎಂಟು ಕಿಲೋ ತೂಕದ ಒಂದು ಮಗು. ಹಿಂದಿನ ರಾತ್ರಿಯಿಂದ ನೀರಿನಂಥ ಭೇದಿ, ನಡುನಡುವೆ ವಾಂತಿ. ಕಣ್ಣು ಗುಳಿ ಬಿದ್ದಿವೆ, ಯಾರು ಎತ್ತಿಕೊಂಡರೂ ಕಿರಿಕಿರಿ. ನೀರಿನ ಲೋಟ ಕಂಡರೆ ಸಾಕು, ಆತುರದಿಂದ ಬಾಯಿ ಚಾಚುತ್ತದೆ. ವೈದ್ಯರು ಪರೀಕ್ಷೆ ಮಾಡಿ ಕೇಸ್ ಶೀಟ್‌ನಲ್ಲಿ ಒಂದು ಸಾಲು ಬರೆಯುತ್ತಾರೆ: ಓಆರ್‌ಎಸ್, ಕಿಲೋಗೆ 75 ಮಿ.ಲೀ., ನಾಲ್ಕು ಗಂಟೆಯಲ್ಲಿ. ಬರೆಯಲು ಅರ್ಧ ನಿಮಿಷ ಸಾಕು. ಲೆಕ್ಕ ಹಾಕಿದರೆ 600 ಮಿ.ಲೀ. ಆಯಿತು. ಸಣ್ಣ ಚಮಚಕ್ಕೆ 5 ಮಿ.ಲೀ. ಹಿಡಿದರೆ 120 ಚಮಚ. ನಾಲ್ಕು ಗಂಟೆಗೆ 240 ನಿಮಿಷ. ಅಂದರೆ ಎರಡು ನಿಮಿಷಕ್ಕೊಂದು ಚಮಚ, ಮಗು ಅತ್ತರೂ, ಉಗುಳಿದರೂ, ಕುಡಿಸುವವರ ಕೈ ಸೋತರೂ.

ಆ ಒಂದು ಸಾಲಿನಿಂದ 120ನೆಯ ಚಮಚದವರೆಗಿನ ದಾರಿಯಲ್ಲಿ ವೈದ್ಯರು ಇರುವುದಿಲ್ಲ. ಅವರು ಮುಂದಿನ ಮಂಚಕ್ಕೋ ಹೊರರೋಗಿ ವಿಭಾಗಕ್ಕೋ ಹೋಗಿರುತ್ತಾರೆ. ಅಲ್ಲಿ ಉಳಿಯುವುದು ತಾಯಿ, ಮಗು ಮತ್ತು ಸಿಸ್ಟರ್. ಬೇರೆ ಎಷ್ಟೋ ಕಾಯಿಲೆಗಳಲ್ಲಿ ಇಂಜೆಕ್ಷನ್ ಚುಚ್ಚಿದರೆ ಔಷಧ ದೇಹ ಸೇರಿದ ಹಾಗೆಯೇ. ಭೇದಿಯಲ್ಲಿ ಹಾಗಲ್ಲ. ಇಲ್ಲಿ ಕೊಡುವ ಕ್ರಮವೇ ಅರ್ಧ ಚಿಕಿತ್ಸೆ. ಕ್ರಮ ತಪ್ಪಿದರೆ ಒಳ್ಳೆಯ ಔಷಧವೂ ವ್ಯರ್ಥ, ಕೆಲವೊಮ್ಮೆ ಅಪಾಯ.

2019–21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಒಂದು ಕಹಿ ಸತ್ಯ ಹೇಳುತ್ತದೆ. ಸಮೀಕ್ಷೆಗೆ ಹಿಂದಿನ ಎರಡು ವಾರದಲ್ಲಿ ಭೇದಿಯಾಗಿದ್ದ ಐದು ವರ್ಷದೊಳಗಿನ ಮಕ್ಕಳಲ್ಲಿ ಓಆರ್‌ಎಸ್ ಸಿಕ್ಕಿದ್ದು ಶೇ 60.6ರಷ್ಟು ಮಕ್ಕಳಿಗೆ, ಸತುವಿನ ಮಾತ್ರೆ, ಅಂದರೆ ಜಿಂಕ್, ಸಿಕ್ಕಿದ್ದು ಶೇ 30.5ರಷ್ಟು ಮಕ್ಕಳಿಗೆ ಮಾತ್ರ. ಎರಡೂ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ, ಮೆಡಿಕಲ್ ಶಾಪ್‌ನಲ್ಲಿ ಅಗ್ಗ. ಕೊರತೆ ಇರುವುದು ಔಷಧದಲ್ಲಿ ಅಲ್ಲ, ಅದನ್ನು ತಲುಪಿಸುವಲ್ಲಿ.

ಮೊದಲು ತಕ್ಕಡಿ, ಆಮೇಲೆ ಔಷಧ

ಮಕ್ಕಳ ಔಷಧವೆಲ್ಲ ತೂಕದ ಮೇಲೆ ನಿಂತಿದೆ. ಓಆರ್‌ಎಸ್ ಎಷ್ಟು, ಡ್ರಿಪ್ ಎಷ್ಟು, ಜ್ವರದ ಸಿರಪ್ ಎಷ್ಟು ಎಂಬುದೆಲ್ಲ ಕಿಲೋ ಲೆಕ್ಕ. ಆದ್ದರಿಂದ ಮಗು ಬಂದ ಕೂಡಲೇ ನರ್ಸ್ ಮಾಡುವ ಮೊದಲ ಕೆಲಸ ಬಟ್ಟೆ ತೆಗೆಸಿ ತೂಕ ನೋಡುವುದು. ‘ಹೋದ ತಿಂಗಳು ಅಂಗನವಾಡಿಯಲ್ಲಿ ಒಂಬತ್ತು ಕಿಲೋ ಇತ್ತು’ ಎಂಬ ಮಾತು ನೆರವಾಗುತ್ತದೆ, ಆದರೆ ಇವತ್ತಿನ ತಕ್ಕಡಿಗೆ ಅದು ಬದಲಿಯಲ್ಲ. ಒಂಬತ್ತು ಕಿಲೋ ಇದ್ದ ಮಗು ಇವತ್ತು ಎಂಟೂಕಾಲು ತೂಗಿದರೆ ಮೈಯಿಂದ ಎಷ್ಟು ನೀರು ಹೋಗಿದೆ ಎಂಬ ಅಂದಾಜು ಅಲ್ಲೇ ಸಿಗುತ್ತದೆ. ಮರುದಿನ ಅದೇ ತಕ್ಕಡಿಯಲ್ಲಿ ಮತ್ತೆ ತೂಗಿದರೆ ಹೋದದ್ದು ಎಷ್ಟು ಮರಳಿ ಬಂದಿದೆ ಎಂಬುದೂ ತಿಳಿಯುತ್ತದೆ.

ಎರಡನೆಯದು, ನಿರ್ಜಲೀಕರಣ ಯಾವ ಹಂತದಲ್ಲಿದೆ ಎಂದು ಗುರುತಿಸುವುದು. ಇದಕ್ಕೆ ಯಂತ್ರ ಬೇಕಿಲ್ಲ, ನಾಲ್ಕು ಗುರುತು ಸಾಕು: ಮಗುವಿನ ಎಚ್ಚರ, ಕಣ್ಣು, ಬಾಯಾರಿಕೆ ಮತ್ತು ಚರ್ಮ. ಹೊಕ್ಕುಳಿಗೂ ಪಕ್ಕೆಗೂ ನಡುವೆ ಹೊಟ್ಟೆಯ ಚರ್ಮವನ್ನು ಬೆರಳಲ್ಲಿ ಹಿಡಿದೆತ್ತಿ ಬಿಡಬೇಕು. ಥಟ್ಟನೆ ಸಮವಾದರೆ ಭಯವಿಲ್ಲ, ಮೆಲ್ಲಗೆ ಸಮವಾದರೆ ಕೊರತೆ ಶುರುವಾಗಿದೆ ಎಂದರ್ಥ. ಎರಡು ಸೆಕೆಂಡಿಗೂ ಹೆಚ್ಚು ಹೊತ್ತು ಮಡಿಕೆ ಹಾಗೇ ನಿಂತರೆ ಮಗು ತೀವ್ರ ಅಪಾಯದಲ್ಲಿದೆ. ಇಲ್ಲೊಂದು ಮೋಸವೂ ಇದೆ. ತೀರಾ ಸೊರಗಿದ, ಅಪೌಷ್ಟಿಕತೆಯ ಮಗುವಿನ ಚರ್ಮ ಭೇದಿ ಇಲ್ಲದಿದ್ದರೂ ನಿಧಾನವಾಗಿಯೇ ಸಮವಾಗುತ್ತದೆ, ಕಣ್ಣು ಮೊದಲೇ ಗುಳಿ ಬಿದ್ದಿರುತ್ತವೆ. ಅದಕ್ಕೇ ಅನುಭವಿ ಸಿಸ್ಟರ್ ತಾಯಿಯನ್ನು ಕೇಳುತ್ತಾರೆ: ‘ಯಾವಾಗಲೂ ಹೀಗೇ ಇರುತ್ತಾ, ಇವತ್ತು ಹೀಗಾಯ್ತಾ?’

ತಪಾಸಣೆ ಒಮ್ಮೆ ಮಾಡಿ ಮುಗಿಸುವಂಥದ್ದಲ್ಲ. ನಾಲ್ಕು ಗಂಟೆಯ ಓಆರ್‌ಎಸ್ ಮುಗಿದ ಮೇಲೆ ಅದೇ ನಾಲ್ಕು ಗುರುತುಗಳನ್ನು ಮತ್ತೆ ನೋಡಬೇಕು. ಸುಧಾರಿಸಿದ್ದರೆ ಮನೆಯ ಆರೈಕೆ, ಹಾಗೇ ಇದ್ದರೆ ಇನ್ನೊಂದು ಸುತ್ತು, ಮಂಕಾಗಿದ್ದರೆ ಡ್ರಿಪ್. ಈ ಮರುಪರೀಕ್ಷೆ ರಾತ್ರಿ ಪಾಳಿಯಲ್ಲಿ ಜಾರಿಹೋಗುವುದೇ ಹೆಚ್ಚು. ‘ಮಗು ಮಲಗಿದೆ’ ಎಂದು ತಾಯಿ ಹೇಳಿದಾಗ ಅದು ನಿದ್ದೆಯೋ ಜ್ಞಾನ ತಪ್ಪುತ್ತಿರುವ ಮಂಪರೋ ಎಂದು ಎಬ್ಬಿಸಿ ನೋಡಬೇಕಾದವರು ಪಾಳಿಯಲ್ಲಿರುವ ನರ್ಸ್.

ಪೊಟ್ಟಣ ಒಡೆಯುವ ಮುನ್ನ

ಈಗ ಬಳಕೆಯಲ್ಲಿರುವ ಓಆರ್‌ಎಸ್ ಸೂತ್ರವನ್ನು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಈ ಶತಮಾನದ ಮೊದಲ ವರ್ಷಗಳಲ್ಲಿ ಬದಲಿಸಿ ನಿಗದಿ ಮಾಡಿದವು. ಒಂದು ಲೀಟರ್ ನೀರಿಗೆ 2.6 ಗ್ರಾಂ ಅಡುಗೆ ಉಪ್ಪು, 13.5 ಗ್ರಾಂ ಗ್ಲೂಕೋಸ್, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 2.9 ಗ್ರಾಂ ಸಿಟ್ರೇಟ್, ಒಟ್ಟು 20.5 ಗ್ರಾಂ ಪುಡಿ. ಈ ಅಳತೆಗೆ ಕಾರಣವಿದೆ. ಕರುಳಿನ ಒಳಗೋಡೆಯಲ್ಲಿ ಸೋಡಿಯಂ ಮತ್ತು ಗ್ಲೂಕೋಸ್ ಜೋಡಿಯಾಗಿ ಒಳಹೋಗುತ್ತವೆ, ನೀರು ಅವುಗಳ ಹಿಂದೆಯೇ ಹೋಗುತ್ತದೆ. ಭೇದಿ ಎಷ್ಟೇ ಜೋರಾಗಿದ್ದರೂ ಈ ದಾರಿ ಮುಚ್ಚುವುದಿಲ್ಲ. ಸಕ್ಕರೆ ಅಂಶ ಅತಿಯಾದರೆ ಮಾತ್ರ ಅದು ಕರುಳಲ್ಲೇ ಉಳಿದು, ಮೈಯಿಂದ ನೀರನ್ನು ಹೊರಗೆಳೆದು ಭೇದಿಯನ್ನು ಹೆಚ್ಚಿಸುತ್ತದೆ.

ಹಾಗಾಗಿ ಬೆರೆಸುವುದು ಅಡುಗೆಮನೆಯ ಅಂದಾಜಿಗೆ ಬಿಡುವ ಕೆಲಸವಲ್ಲ. ಪೇಟೆಯಲ್ಲಿ ಒಂದು ಲೀಟರಿನ ದೊಡ್ಡ ಪೊಟ್ಟಣವೂ ಇದೆ, 200 ಮಿ.ಲೀ.ಗೆ ಬೆರೆಸುವ ಸಣ್ಣ ಪೊಟ್ಟಣವೂ ಇದೆ. ದೊಡ್ಡದನ್ನು ಒಂದು ಲೋಟ ನೀರಿಗೆ ಸುರಿದರೆ ಐದು ಪಟ್ಟು ಗಟ್ಟಿಯಾಗಿ ರಕ್ತದಲ್ಲಿ ಸೋಡಿಯಂ ಏರುತ್ತದೆ, ಮಗುವಿಗೆ ಫಿಟ್ಸ್ ಕೂಡ ಬರಬಹುದು. ಸಣ್ಣದನ್ನು ಒಂದು ಲೀಟರಿಗೆ ಹಾಕಿದರೆ ಬರೀ ನೀರು ಕುಡಿಸಿದಂತೆ. ಇಡೀ ಪೊಟ್ಟಣ ಏಕೆ ಎಂದು ಸ್ವಲ್ಪ ಸ್ವಲ್ಪವೇ ಪುಡಿ ಹಾಕಿ ಬಳಸುವ ಮನೆಗಳೂ ಇವೆ. ಸಿಸ್ಟರ್ ಹೇಳಿಕೊಡಬೇಕಾದದ್ದು ಇಷ್ಟು: ಕೈ ತೊಳೆದುಕೊಳ್ಳಿ, ಕುದಿಸಿ ಆರಿಸಿದ ನೀರನ್ನು ಅಳೆದು ತೆಗೆದುಕೊಳ್ಳಿ, ಇಡೀ ಪೊಟ್ಟಣ ಒಮ್ಮೆಗೇ ಹಾಕಿ, ಬೆರೆಸಿದ ಮೇಲೆ ಕುದಿಸಬೇಡಿ, ಸಕ್ಕರೆ, ಹಾಲು, ಹಣ್ಣಿನ ರಸ ಯಾವುದನ್ನೂ ಸೇರಿಸಬೇಡಿ. ಮುಚ್ಚಿಡಿ, 24 ಗಂಟೆಯಾದ ಮೇಲೆ ಉಳಿದದ್ದನ್ನು ಚೆಲ್ಲಿ ಹೊಸದಾಗಿ ಮಾಡಿ.

ಕುಡಿಸುವುದಕ್ಕೂ ಕ್ರಮವಿದೆ. ಬಾಯಾರಿದ ಮಗುವಿಗೆ ಲೋಟ ಕೊಟ್ಟರೆ ಗಟಗಟ ಕುಡಿದು ಎಲ್ಲವನ್ನೂ ಕಕ್ಕುತ್ತದೆ. ತಾಯಿ ಆಗ ‘ಓಆರ್‌ಎಸ್ ಆಗಿಬರಲ್ಲ’ ಎಂದು ತೀರ್ಮಾನಿಸುತ್ತಾಳೆ. ಎರಡು ವರ್ಷದೊಳಗಿನ ಮಕ್ಕಳಿಗೆ ಚಮಚವೋ ಶುಚಿಯಾದ ಒಳಲೆಯೋ ಆಗಬೇಕು. ಮಗುವನ್ನು ತಲೆ ಎತ್ತರಿಸಿ ತೊಡೆಯ ಮೇಲೆ ಕೂರಿಸಿಕೊಂಡಿರಬೇಕು, ಅಂಗಾತ ಮಲಗಿಸಿ ಸುರಿಯಬಾರದು. ನಿಪ್ಪಲ್ ಬಾಟಲಿ ಬೇಡವೇ ಬೇಡ, ಸೋಂಕು ಕೂರುವುದೇ ಅಲ್ಲಿ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಇನ್ನೂ ನಿಧಾನವಾಗಿ ಮತ್ತೆ ಶುರುಮಾಡಬೇಕು. ಕಣ್ಣಿನ ರೆಪ್ಪೆ ಊದಿಕೊಂಡಂತೆ ಕಂಡರೆ ನೀರು ಹೆಚ್ಚಾಗಿದೆ ಎಂಬ ಸೂಚನೆ. ಆಗ ಓಆರ್‌ಎಸ್ ನಿಲ್ಲಿಸಿ, ಊತ ಇಳಿಯುವವರೆಗೆ ಎದೆಹಾಲು ಅಥವಾ ಬರೀ ನೀರು ಕೊಡಬೇಕು.

ಪೇಟೆಯ ಇನ್ನೊಂದು ಬಲೆಯ ಬಗ್ಗೆಯೂ ಹೇಳಲೇಬೇಕು. ಬಣ್ಣದ ಟೆಟ್ರಾ ಪ್ಯಾಕ್‌ನಲ್ಲಿ, ಹೆಸರಿನಲ್ಲಿ ‘ಓಆರ್‌ಎಸ್’ ಎಂಬ ಅಕ್ಷರಗಳನ್ನು ಸೇರಿಸಿಕೊಂಡ ಸಿಹಿ ಪಾನೀಯಗಳು ವರ್ಷಗಟ್ಟಲೆ ಔಷಧದಂಗಡಿಯಲ್ಲೇ ಮಾರಾಟವಾದವು. ಅವುಗಳಲ್ಲಿ ಸಕ್ಕರೆ ಜಾಸ್ತಿ, ಲವಣ ಕಡಿಮೆ. ಹೈದರಾಬಾದಿನ ಮಕ್ಕಳ ತಜ್ಞೆ ಡಾ. ಶಿವರಂಜನಿ ಸಂತೋಷ್ ಇದರ ವಿರುದ್ಧ ವರ್ಷಗಳ ಕಾಲ ಹೋರಾಡಿದರು. 2025ರ ಅಕ್ಟೋಬರ್‌ನಲ್ಲಿ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು, ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರಕ್ಕೆ ಹೊಂದದ ಪಾನೀಯಗಳು ಓಆರ್‌ಎಸ್ ಎಂಬ ಹೆಸರು ಬಳಸಬಾರದು ಎಂದು ಆದೇಶಿಸಿತು. ಆದರೂ ಮನೆಯವರು ತಂದ ಪ್ಯಾಕನ್ನು ಸಿಸ್ಟರ್ ಒಮ್ಮೆ ತಿರುಗಿಸಿ ನೋಡುವುದು ಒಳ್ಳೆಯದು.

ಬಂಗಾಂವ್ ಕಲಿಸಿದ್ದು

1971. ಬಾಂಗ್ಲಾ ವಿಮೋಚನಾ ಯುದ್ಧದ ವೇಳೆ ಗಡಿ ದಾಟಿ ಬಂದ ನಿರಾಶ್ರಿತರ ಶಿಬಿರಗಳಲ್ಲಿ ಕಾಲರಾ ಹಬ್ಬಿತು. ಪಶ್ಚಿಮ ಬಂಗಾಳದ ಬಂಗಾಂವ್ ಆಸ್ಪತ್ರೆಯಲ್ಲಿ ರೋಗಿಗಳು ನೆಲದ ಮೇಲೂ ಮಲಗಿದ್ದರು. ಡ್ರಿಪ್ ಬಾಟಲಿಗಳು ಮುಗಿಯುತ್ತ ಬಂದಿದ್ದವು, ಅವನ್ನು ಹಾಕಲು ಬಲ್ಲವರೂ ಸಾಲುತ್ತಿರಲಿಲ್ಲ. ಡಾ. ದಿಲೀಪ್ ಮಹಲನಬಿಸ್ ಆಗ ಒಂದು ಸಾಹಸಕ್ಕೆ ಇಳಿದರು. ಲೀಟರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಉಪ್ಪು, 2.5 ಗ್ರಾಂ ಅಡುಗೆ ಸೋಡಾದಂತೆ ಪುಡಿ ತಯಾರಿಸಿ, ನಲ್ಲಿ ಇರುವ ಡ್ರಮ್‌ಗಳಲ್ಲಿ ಕಲಸಿಟ್ಟರು. ಕುಡಿಸುವ ಕೆಲಸವನ್ನು ರೋಗಿಗಳ ಅಮ್ಮಂದಿರಿಗೆ, ಅಣ್ಣತಮ್ಮಂದಿರಿಗೆ ಒಪ್ಪಿಸಿದರು. ಶೇ 30ರವರೆಗೆ ಇದ್ದ ಸಾವಿನ ಪ್ರಮಾಣ ಅವರ ಉಸ್ತುವಾರಿಯಲ್ಲಿ ಓಆರ್‌ಎಸ್ ಪಡೆದವರಲ್ಲಿ ಶೇ 3.6ಕ್ಕೆ ಇಳಿಯಿತು. 2022ರಲ್ಲಿ ತೀರಿಕೊಂಡ ಅವರಿಗೆ ಮರುವರ್ಷ ಮರಣೋತ್ತರ ಪದ್ಮವಿಭೂಷಣ ಬಂತು.

ಈ ಕಥೆಯನ್ನು ಸಾಮಾನ್ಯವಾಗಿ ಉಪ್ಪು-ಸಕ್ಕರೆ ನೀರಿನ ಪವಾಡ ಎಂದು ಹೇಳುತ್ತಾರೆ. ನರ್ಸಿಂಗ್ ದೃಷ್ಟಿಯಿಂದ ನೋಡಿದರೆ ಅಲ್ಲಿ ಇನ್ನೂ ಒಂದು ಸಂಗತಿ ಇದೆ. ಔಷಧ ಕೊಡುವ ಅಧಿಕಾರವನ್ನು ಮನೆಯವರ ಕೈಗೆ ದಾಟಿಸಿದ್ದು, ದಾಟಿಸಿದ ಮೇಲೂ ಕಣ್ಣಿಟ್ಟಿದ್ದು. ಇವತ್ತು ಪ್ರಾಥಮಿಕ ಆರೋಗ್ಯ ಕೇಂದ್ರದ ಓಆರ್‌ಎಸ್ ಮೂಲೆಯಲ್ಲಿ ನರ್ಸ್ ಮಾಡಬೇಕಾದದ್ದೂ ಅದನ್ನೇ. ಮೊದಲ ಐದಾರು ಚಮಚ ತಾವೇ ಕುಡಿಸಿ ತೋರಿಸಬೇಕು, ಮುಂದಿನದನ್ನು ತಾಯಿಯ ಕೈಯಲ್ಲಿ ಕುಡಿಸಬೇಕು. ಆಮೇಲೆ ಲೋಟದಲ್ಲಿ ಎಷ್ಟು ಇಳಿದಿದೆ ಎಂದು ಆಗಾಗ ಬಂದು ನೋಡಬೇಕು. ‘ಕುಡಿಸ್ತಾ ಇರಮ್ಮ’ ಎಂದು ಹೇಳಿ ಹೋದರೆ ಅದು ಔಷಧ ಕೊಟ್ಟಂತಲ್ಲ.

ಹದಿನಾಲ್ಕು ದಿನದ ಮಾತ್ರೆ

ಭೇದಿ ಮೂರ್ನಾಲ್ಕು ದಿನಕ್ಕೆ ನಿಲ್ಲುತ್ತದೆ, ಜಿಂಕ್ ಮಾತ್ರೆ ಮಾತ್ರ ಹದಿನಾಲ್ಕು ದಿನ. ತಾಯಂದಿರಿಗೆ ಒಗ್ಗದ ಲೆಕ್ಕ ಇದು. ನಿಂತ ಕಾಯಿಲೆಗೆ ಔಷಧ ಯಾಕೆ? ಭೇದಿಯಲ್ಲಿ ಮಗು ಕಳೆದುಕೊಳ್ಳುವ ವಸ್ತುಗಳಲ್ಲಿ ಸತುವೂ ಒಂದು. ಕರುಳಿನ ಒಳಪದರ ಮತ್ತೆ ಬೆಳೆಯಲು, ರೋಗನಿರೋಧಕ ಶಕ್ತಿ ಸುಧಾರಿಸಲು ಅದು ಬೇಕು. ಪೂರ್ತಿ ಕೋರ್ಸ್ ಮುಗಿಸಿದ ಮಕ್ಕಳಿಗೆ ಮುಂದಿನ ಎರಡು ಮೂರು ತಿಂಗಳು ಮತ್ತೆ ಭೇದಿ ಬರುವ ಸಾಧ್ಯತೆ ಕಡಿಮೆ. ಇಷ್ಟನ್ನು ಸರಳವಾಗಿ ಹೇಳಿದರೆ ಯಾವ ತಾಯಿಗೂ ಅರ್ಥವಾಗುತ್ತದೆ. ಹೇಳದಿದ್ದರೆ ಮಾತ್ರೆಯ ಪಟ್ಟಿ ಕಿಟಕಿ ಗೂಡಿನಲ್ಲಿ ಉಳಿಯುತ್ತದೆ.

ನಮ್ಮ ರಾಷ್ಟ್ರೀಯ ಕಾರ್ಯಕ್ರಮದ ಪ್ರಕಾರ ಆರು ತಿಂಗಳು ದಾಟಿದ, ಐದು ವರ್ಷದೊಳಗಿನ ಮಕ್ಕಳಿಗೆ ದಿನಕ್ಕೆ 20 ಮಿ.ಗ್ರಾಂ.ನ ಒಂದು ಮಾತ್ರೆ. ಎರಡರಿಂದ ಆರು ತಿಂಗಳ ಕೂಸಿಗೆ ಅರ್ಧ ಮಾತ್ರೆ. ಮಾತ್ರೆಯನ್ನು ನುಂಗಿಸುವಂತಿಲ್ಲ. ಚಮಚದಲ್ಲಿಟ್ಟು, ಕೂಸಾದರೆ ಹಿಂಡಿದ ಎದೆಹಾಲು, ದೊಡ್ಡ ಮಗುವಾದರೆ ಶುದ್ಧ ನೀರು ಅಥವಾ ಓಆರ್‌ಎಸ್ ಹಾಕಿದರೆ ತಾನೇ ಕರಗುತ್ತದೆ. ಬಾಯಿಗೆ ಲೋಹದ ರುಚಿ ಹತ್ತುತ್ತದೆ, ಕೆಲವು ಮಕ್ಕಳು ಕಕ್ಕುತ್ತಾರೆ. ಭಾರತ ಮತ್ತು ತಾಂಜಾನಿಯಾದ 4,500 ಮಕ್ಕಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು, ಕಡಿಮೆ ಪ್ರಮಾಣದ ಜಿಂಕ್ ಕೂಡ ಅಷ್ಟೇ ಕೆಲಸ ಮಾಡುತ್ತದೆ, ವಾಂತಿ ಕಡಿಮೆಯಾಗುತ್ತದೆ ಎಂದು ತೋರಿಸಿತು. ಪ್ರಮಾಣ ಬದಲಿಸುವುದು ವೈದ್ಯರ ಮತ್ತು ಕಾರ್ಯಕ್ರಮದ ತೀರ್ಮಾನ. ಮೊದಲ ಮಾತ್ರೆಯನ್ನು ತಮ್ಮ ಎದುರೇ ಕೊಡಿಸಿ, ಸ್ವಲ್ಪ ಹೊತ್ತು ಕೂರಿಸಿ, ವಾಂತಿಯಾಯಿತೇ ಎಂದು ನೋಡುವುದು ನರ್ಸ್ ಕೆಲಸ. ಅರ್ಧ ಗಂಟೆಯೊಳಗೆ ಕಕ್ಕಿದರೆ ಇನ್ನೊಂದು ಮಾತ್ರೆ ಕೊಡಬೇಕು ಎಂದು ತಿಳಿಸಿ ಕಳಿಸಿದರೆ ಮನೆಯಲ್ಲಿ ಗೊಂದಲವಿರದು.

ಬಾಟಲಿಯ ಮೇಲಿನ ಸಣ್ಣ ಅಕ್ಷರ

ನರ್ಸಿಂಗ್ ಕಾಲೇಜಿನ ಮೊದಲ ವರ್ಷದಲ್ಲೇ ಬಾಯಿಪಾಠ ಮಾಡಿಸುವ ಸೂತ್ರವೊಂದಿದೆ: ಸರಿಯಾದ ರೋಗಿ, ಸರಿಯಾದ ಔಷಧ, ಸರಿಯಾದ ಪ್ರಮಾಣ, ಸರಿಯಾದ ಮಾರ್ಗ, ಸರಿಯಾದ ಸಮಯ. ಕೇಳಲು ಸುಲಭ. ಮಳೆಗಾಲದಲ್ಲಿ ಮಕ್ಕಳ ವಾರ್ಡ್ ತುಂಬಿ, ಒಂದೇ ಮಂಚದಲ್ಲಿ ಇಬ್ಬರು ಮಕ್ಕಳು ಮಲಗಿದಾಗ, ಅದರಲ್ಲೂ ಅಕ್ಕ-ತಮ್ಮ ಇಬ್ಬರಿಗೂ ಭೇದಿ ಇದ್ದಾಗ, ಮೊದಲನೆಯ ‘ಸರಿ’ಯೇ ಕಷ್ಟವಾಗುತ್ತದೆ. ಮಗು ತನ್ನ ಹೆಸರು ಹೇಳದು. ‘ಇದು ಇಂಥ ಮಗು ತಾನೇ?’ ಎಂದು ಕೇಳಿದರೆ ನಿದ್ದೆಗಣ್ಣಿನ ತಾಯಿ ‘ಹೂಂ’ ಅಂದುಬಿಡುತ್ತಾಳೆ. ‘ಮಗುವಿನ ಹೆಸರು ಹೇಳಮ್ಮ’ ಎಂದು ಕೇಳಿ, ಕೈಪಟ್ಟಿ ನೋಡಿ ಕೊಟ್ಟರೆ ತಪ್ಪಾಗುವ ಸಂಭವ ಕಡಿಮೆ.

ಪ್ರಮಾಣದ ತಪ್ಪುಗಳು ಹೆಚ್ಚಾಗಿ ಬಾಟಲಿಯಿಂದ ಬರುತ್ತವೆ. ಜ್ವರಕ್ಕೆ ಕೊಡುವ ಪ್ಯಾರಾಸಿಟಮಾಲ್ ನೋಡಿ. ಕೂಸುಗಳಿಗೆ ಕೊಡುವ ಡ್ರಾಪ್ಸ್‌ನಲ್ಲಿ ಒಂದು ಮಿ.ಲೀ.ಗೆ 100 ಮಿ.ಗ್ರಾಂ. ಇರುತ್ತದೆ. ಸಾಮಾನ್ಯ ಸಿರಪ್‌ನಲ್ಲಿ ಐದು ಮಿ.ಲೀ.ಗೆ 120 ಅಥವಾ 125 ಮಿ.ಗ್ರಾಂ. ಎಂಟು ಕಿಲೋದ ಮಗುವಿಗೆ 120 ಮಿ.ಗ್ರಾಂ. ಬೇಕಾದರೆ ಸಿರಪ್ ಐದು ಮಿ.ಲೀ., ಡ್ರಾಪ್ಸ್ ಬರೀ 1.2 ಮಿ.ಲೀ. ಸಿರಪ್ಪಿನ ಅಳತೆಯಲ್ಲಿ ಡ್ರಾಪ್ಸ್ ಕೊಟ್ಟರೆ ಮಗುವಿಗೆ ಒಮ್ಮೆಲೇ 500 ಮಿ.ಗ್ರಾಂ. ಹೋಗುತ್ತದೆ. ದಿನಕ್ಕೆ ಹಲವು ಸಲ ಹೀಗಾದರೆ ಪುಟ್ಟ ಯಕೃತ್ತಿಗೆ ಅಪಾಯ. ಐಬುಪ್ರೊಫೆನ್‌ನಂಥ ಇತರ ಜ್ವರ-ನೋವಿನ ಔಷಧಗಳು ನೀರು ಬತ್ತಿದ ಮಗುವಿನ ಮೂತ್ರಪಿಂಡಕ್ಕೆ ಹೊರೆಯಾಗಬಲ್ಲವು. ಮನೆಯಿಂದ ಬರುವಾಗ ಏನೇನು ಕುಡಿಸಿದ್ದೀರಿ, ಬಾಟಲಿ ತೋರಿಸಿ ಎಂದು ಕೇಳುವುದು ಅದಕ್ಕೇ ಮುಖ್ಯ.

ನೀರು ಬೆರೆಸಿ ತಯಾರಿಸುವ ಪುಡಿ ಸಿರಪ್‌ಗಳದ್ದು ಇನ್ನೊಂದು ಕಥೆ. ಬಾಟಲಿಯ ಮೇಲಿನ ಗುರುತಿನವರೆಗೆ ಕುದಿಸಿ ಆರಿಸಿದ ನೀರು ಹಾಕಬೇಕು. ಪುಡಿ ತಳದಲ್ಲಿ ಕೂತಿರುತ್ತದೆ; ಪ್ರತಿ ಸಲವೂ ಅಲ್ಲಾಡಿಸದಿದ್ದರೆ ಮೊದಲ ದಿನ ನೀರು, ಕೊನೆಯ ದಿನ ಗಟ್ಟಿ ಔಷಧ. ಸೆಫಿಕ್ಸಿಮ್ ಸಿರಪ್ ಐದು ಮಿ.ಲೀ.ಗೆ 50 ಮಿ.ಗ್ರಾಂ. ಇರುವಂಥದ್ದೂ ಬರುತ್ತದೆ, 100 ಇರುವಂಥದ್ದೂ ಬರುತ್ತದೆ. ವೈದ್ಯರು 40 ಮಿ.ಗ್ರಾಂ. ಬರೆದಿದ್ದರೆ ಮೊದಲನೆಯದರಲ್ಲಿ 4 ಮಿ.ಲೀ., ಎರಡನೆಯದರಲ್ಲಿ 2 ಮಿ.ಲೀ. ಮನೆಯ ಚಮಚಗಳಂತೂ ಒಂದರಂತೆ ಒಂದಿಲ್ಲ. ಬಾಟಲಿಯ ಜೊತೆ ಬರುವ ಅಳತೆ ಮುಚ್ಚಳದಲ್ಲೋ ಸೂಜಿ ಇಲ್ಲದ ಸಿರಿಂಜಿನಲ್ಲೋ ಗೆರೆ ಎಳೆದು ತೋರಿಸಿದರೆ ಓದು ಬಾರದ ಅಜ್ಜಿಯೂ ಸರಿಯಾಗಿ ಕೊಡುತ್ತಾಳೆ.

ಬೇಡ ಎನ್ನುವುದೂ ಕರ್ತವ್ಯ

ಭೇದಿ ಶುರುವಾದ ಮಗುವಿನ ಮನೆಯವರಿಗೆ ಬೇಕಾಗಿರುವುದು ಒಂದೇ, ಅದು ಈಗಲೇ ನಿಲ್ಲಬೇಕು. ಓಆರ್‌ಎಸ್ ಭೇದಿಯನ್ನು ನಿಲ್ಲಿಸುವುದಿಲ್ಲ, ಜೀವ ಉಳಿಸುತ್ತದೆ. ಈ ವ್ಯತ್ಯಾಸ ತಿಳಿಯದಿದ್ದಾಗ ದೊಡ್ಡವರ ‘ನಿಲ್ಲಿಸುವ ಮಾತ್ರೆ’ ಹೊರಬರುತ್ತದೆ. ಅದರ ಹೆಸರು ಲೋಪರಮೈಡ್. ಅದು ಕರುಳಿನ ಚಲನೆಯನ್ನೇ ಕಟ್ಟಿಹಾಕುತ್ತದೆ. ಮಕ್ಕಳಲ್ಲಿ ಕರುಳು ಪೂರ್ತಿ ಸ್ತಬ್ಧವಾಗಿ ಹೊಟ್ಟೆ ಉಬ್ಬರಿಸಬಹುದು, ಉಸಿರಾಟ ಕುಗ್ಗಬಹುದು. 1990ರ ಸುಮಾರಿಗೆ ಪಾಕಿಸ್ತಾನದಲ್ಲಿ ಈ ಔಷಧದ ಹನಿ ಕೊಟ್ಟ ಶಿಶುಗಳು ಸತ್ತ ವರದಿಗಳು ಬಂದ ಮೇಲೆ ಮಕ್ಕಳ ಹನಿಯ ರೂಪವನ್ನು ತಯಾರಕರು ಹಿಂತೆಗೆದುಕೊಂಡರು. ಮಗುವಿಗೆ ಇಂಥದ್ದನ್ನು ಕೊಟ್ಟಿದ್ದಾರೆ ಎಂದು ಗೊತ್ತಾದರೆ ಬೈಯದೆ, ಮುಚ್ಚಿಡದೆ ಹೇಳುವಂತೆ ಮಾಡಿ, ತಕ್ಷಣ ವೈದ್ಯರಿಗೆ ತಿಳಿಸಬೇಕು. ಬೈದರೆ ಮುಂದಿನ ಸಲ ಯಾರೂ ನಿಜ ಹೇಳುವುದಿಲ್ಲ.

ಆ್ಯಂಟಿಬಯಾಟಿಕ್‌ಗಳದ್ದೂ ಹೆಚ್ಚುಕಡಿಮೆ ಇದೇ ಕಥೆ. ಎಳೆಯ ಮಕ್ಕಳ ನೀರುಭೇದಿಗೆ ಬಹುಪಾಲು ರೋಟಾದಂಥ ವೈರಸ್‌ಗಳೇ ಕಾರಣ, ಆ್ಯಂಟಿಬಯಾಟಿಕ್ ಅವುಗಳನ್ನು ಮುಟ್ಟುವುದಿಲ್ಲ. ಮಲದಲ್ಲಿ ರಕ್ತ ಕಂಡರೆ, ಕಾಲರಾದ ಶಂಕೆ ಇದ್ದು ಮಗುವಿಗೆ ತೀವ್ರ ನಿರ್ಜಲೀಕರಣವಾಗಿದ್ದರೆ, ಇಲ್ಲವೇ ಬೇರೆ ಸೋಂಕು ಜೊತೆಗಿದ್ದರೆ ಮಾತ್ರ ಅವು ಬೇಕು. ಔಷಧ ಬರೆಯುವುದು ನರ್ಸ್ ಕೆಲಸವಲ್ಲ, ನಿಜ. ಆದರೆ ಮಲ ನೋಡುವವರು ನರ್ಸ್. ರಕ್ತ, ಲೋಳೆ, ಅಕ್ಕಿ ತೊಳೆದ ನೀರಿನಂಥ ಬಣ್ಣ, ಇವನ್ನು ಕಂಡು ಬರೆದಿಟ್ಟು ತಿಳಿಸಿದರೆ ವೈದ್ಯರ ಚೀಟಿ ಸರಿಯಾಗುತ್ತದೆ. ಚೀಟಿಯಲ್ಲಿ ಅನುಮಾನ ಬಂದರೆ ‘ಸರ್, ಇದು ಎಂಟು ಕಿಲೋ ಮಗು, ಈ ಡೋಸ್ ಸರೀನಾ?’ ಎಂದು ಕೇಳುವುದು ಅಹಂಕಾರವಲ್ಲ, ಕರ್ತವ್ಯ. ರಾತ್ರಿ ಫೋನಿನಲ್ಲಿ ಬಂದ ಆದೇಶವನ್ನು ಬರೆದುಕೊಂಡು, ಮತ್ತೆ ಓದಿ ಹೇಳಿ, ಬೆಳಿಗ್ಗೆ ಸಹಿ ಹಾಕಿಸಿಕೊಳ್ಳುವುದೂ ಅಷ್ಟೇ ಮುಖ್ಯ.

‘ಒಂದು ಗ್ಲೂಕೋಸ್ ಹಾಕ್ಬಿಡಿ ಸಿಸ್ಟರ್’

ಮಕ್ಕಳ ವಾರ್ಡಿನಲ್ಲಿ ದಿನವೂ ಕೇಳುವ ಮಾತು ಇದು. ಬಾಟಲಿ ತೂಗುಹಾಕಿದರೆ ಚಿಕಿತ್ಸೆ ಶುರುವಾಯಿತು ಎಂಬ ನೆಮ್ಮದಿ. ‘ಬಾಯಲ್ಲಿ ಕುಡೀತಾ ಇದ್ಯಲ್ಲಮ್ಮ, ಚುಚ್ಚಿ ಯಾಕೆ ನೋವು ಮಾಡೋದು? ಎರಡರಲ್ಲೂ ಹೋಗೋದು ನೀರು, ಉಪ್ಪೇ’ ಎಂದು ಸಮಾಧಾನ ಹೇಳುವುದೂ ಔಷಧೋಪಚಾರದ ಭಾಗವೇ. ಬಾಯಿಂದ ಕುಡಿಯಬಲ್ಲ ಮಗುವಿಗೆ ಡ್ರಿಪ್ ಹಾಕಿದರೆ ಸೋಂಕಿನ ಅಪಾಯ, ಖರ್ಚು, ನೋವು ಬಿಟ್ಟರೆ ಹೆಚ್ಚಿನ ಲಾಭವಿಲ್ಲ.

ಆದರೆ ಮಂಕಾಗಿ ಬಿದ್ದಿರುವ, ಕುಡಿಯಲಾರದ ಮಗುವಿಗೆ ಒಂದು ನಿಮಿಷವೂ ತಡಮಾಡುವಂತಿಲ್ಲ. ಜನ ಗ್ಲೂಕೋಸ್ ಎಂದು ಕರೆದರೂ ಇಲ್ಲಿ ಹಾಕಬೇಕಾದದ್ದು ರಿಂಗರ್ ಲ್ಯಾಕ್ಟೇಟ್ ಎಂಬ ಲವಣದ ದ್ರಾವಣ. ಬರೀ ಡೆಕ್ಸ್‌ಟ್ರೋಸ್ ಕಳೆದುಹೋದ ಲವಣ ತುಂಬುವುದಿಲ್ಲ. ಕಿಲೋಗೆ ಒಟ್ಟು 100 ಮಿ.ಲೀ. ಒಂದು ವರ್ಷದೊಳಗಿನ ಕೂಸಿಗೆ ಮೊದಲ 30 ಮಿ.ಲೀ. ಒಂದು ಗಂಟೆಯಲ್ಲಿ, ಉಳಿದ 70 ಐದು ಗಂಟೆಯಲ್ಲಿ. ಒಂದು ವರ್ಷ ದಾಟಿದ್ದರೆ ಮೊದಲನೆಯದು ಅರ್ಧ ಗಂಟೆ, ಉಳಿದದ್ದು ಎರಡೂವರೆ ಗಂಟೆ. ಆರು ಕಿಲೋದ ಎಂಟು ತಿಂಗಳ ಕೂಸಿಗೆ ಮೊದಲ ಗಂಟೆ 180 ಮಿ.ಲೀ.; ಮಿ.ಲೀ.ಗೆ 20 ಹನಿಯ ಸೆಟ್‌ನಲ್ಲಿ ನಿಮಿಷಕ್ಕೆ 60 ಹನಿ. ಆಮೇಲೆ 420 ಮಿ.ಲೀ., ನಿಮಿಷಕ್ಕೆ 28 ಹನಿ. ಗಂಟೆ ಮುಗಿದಾಗ ವೇಗ ತಗ್ಗಿಸಲು ಮರೆತರೆ ಐದು ಗಂಟೆಯ ನೀರು ಎರಡು ಗಂಟೆ ಇಪ್ಪತ್ತು ನಿಮಿಷದಲ್ಲಿ ಒಳಹೋಗುತ್ತದೆ. ಅಪೌಷ್ಟಿಕ ಮಗುವಾದರೆ ಹೃದಯ ಅದನ್ನು ತಾಳಲಾರದು. ಅಂಥ ಮಕ್ಕಳಿಗೆ ಆಘಾತದ ಸ್ಥಿತಿ ಇಲ್ಲದಿದ್ದರೆ ಡ್ರಿಪ್ ಹಾಕುವುದೇ ಇಲ್ಲ. ಹಾಕಿದಾಗಲೂ ನಾಡಿ, ಉಸಿರಾಟದ ಲೆಕ್ಕ ಏರುತ್ತಿದೆಯೇ ಎಂದು ಮತ್ತೆ ಮತ್ತೆ ಎಣಿಸಬೇಕು.

ಎಲ್ಲಕ್ಕಿಂತ ಎಚ್ಚರ ಬೇಡುವುದು ಡ್ರಿಪ್ ಬಾಟಲಿಗೆ ಬೆರೆಸುವ ಪೊಟ್ಯಾಸಿಯಂ ಕ್ಲೋರೈಡ್ ಆ್ಯಂಪ್ಯೂಲ್. ನೋಡಲು ಇಂಜೆಕ್ಷನ್‌ಗೆ ಬಳಸುವ ಶುದ್ಧ ನೀರಿನ ಆ್ಯಂಪ್ಯೂಲ್‌ನಂತೆಯೇ ಇರುತ್ತದೆ. ಅದನ್ನು ನೇರವಾಗಿ ರಕ್ತನಾಳಕ್ಕೆ ಚುಚ್ಚಿದರೆ ಹೃದಯ ನಿಲ್ಲುತ್ತದೆ. ಅದಕ್ಕೇ ಅದನ್ನು ಬೇರೆ ಕಡೆ, ದೊಡ್ಡ ಅಕ್ಷರದ ಪಟ್ಟಿ ಅಂಟಿಸಿ ಇಡಬೇಕು. ಮಗು ಮೂತ್ರ ಮಾಡಿದ್ದನ್ನು ಖಚಿತಪಡಿಸಿಕೊಂಡ ಮೇಲಷ್ಟೇ, ಬಾಟಲಿಯಲ್ಲಿ ಬೆರೆಸಿ, ಇನ್ನೊಬ್ಬ ಸಿಸ್ಟರ್‌ಗೆ ತೋರಿಸಿ ಕೊಡಬೇಕು.

ಬರೆದಿಟ್ಟ ಲೆಕ್ಕ, ಕಲಿಸಿದ ಪಾಠ

ಎಷ್ಟು ಕುಡಿಯಿತು, ಎಷ್ಟು ಸಲ ಭೇದಿ, ಎಷ್ಟು ವಾಂತಿ, ಮೂತ್ರ ಯಾವಾಗ, ಈ ಚಾರ್ಟ್ ವಾರ್ಡಿನ ಅತ್ಯಂತ ಬೇಸರದ ಕಾಗದ. ಆದರೆ ಪಾಳಿ ಬದಲಾಗುವಾಗ ಮಗುವಿನ ಪರವಾಗಿ ಮಾತಾಡುವುದು ಅದೊಂದೇ. ಔಷಧ ಕೊಡುವ ಮೊದಲೇ ‘ಕೊಟ್ಟಿದೆ’ ಎಂದು ಬರೆಯುವುದು, ಕೊಟ್ಟ ಮೇಲೆ ಬರೆಯಲು ಮರೆಯುವುದು, ಎರಡರಿಂದಲೂ ಅನಾಹುತವಿದೆ: ಒಂದರಲ್ಲಿ ಡೋಸ್ ತಪ್ಪುತ್ತದೆ, ಇನ್ನೊಂದರಲ್ಲಿ ಎರಡು ಸಲ ಬೀಳುತ್ತದೆ. ಒಂದು ಮಗುವಿನಿಂದ ಇನ್ನೊಂದಕ್ಕೆ ಹೋಗುವಾಗ ಕೈ ತೊಳೆಯದಿದ್ದರೆ ಔಷಧದ ಟ್ರೇ ಜೊತೆಗೇ ಭೇದಿಯೂ ಮಂಚದಿಂದ ಮಂಚಕ್ಕೆ ಹೋಗುತ್ತದೆ.

ಮನೆಗೆ ಕಳಿಸುವಾಗ ತಾಯಿಗೆ ‘ಅರ್ಥ ಆಯ್ತಾ?’ ಎಂದು ಕೇಳಿದರೆ ಉತ್ತರ ಯಾವಾಗಲೂ ‘ಆಯ್ತು’. ‘ಮನೇಲಿ ಹೇಗೆ ಮಾಡ್ತೀಯ, ನನಗೆ ತೋರಿಸು’ ಎಂದರೆ ನಿಜ ತಿಳಿಯುತ್ತದೆ. ಪ್ರತಿ ಸಲ ಭೇದಿಯಾದ ಮೇಲೆ ಎರಡು ವರ್ಷದೊಳಗಿನವರಿಗೆ 50ರಿಂದ 100 ಮಿ.ಲೀ., ಅದಕ್ಕಿಂತ ದೊಡ್ಡವರಿಗೆ 100ರಿಂದ 200 ಮಿ.ಲೀ. ಓಆರ್‌ಎಸ್. ಎದೆಹಾಲು ನಿಲ್ಲಿಸಬಾರದು. ಆರು ತಿಂಗಳು ದಾಟಿದ್ದರೆ ಗಂಜಿ, ಮೆತ್ತಗಿನ ಅನ್ನ, ಬೇಳೆ ಕಟ್ಟು, ಮಜ್ಜಿಗೆ ನಡೆಯಲಿ. ‘ಹೊಟ್ಟೆಗೆ ವಿಶ್ರಾಂತಿ’ ಎಂದು ಉಪವಾಸ ಕೆಡವಿದರೆ ಮಗು ಇನ್ನಷ್ಟು ಸೊರಗುತ್ತದೆ. ಹಲ್ಲು ಬರುವಾಗ ಭೇದಿ ಸಹಜ ಎಂದು ಸುಮ್ಮನಿರುವುದೂ ತಪ್ಪು. ಕುಡಿಯಲು ಆಗದಿದ್ದರೆ, ಕುಡಿದದ್ದೆಲ್ಲ ವಾಂತಿಯಾದರೆ, ಮಲದಲ್ಲಿ ರಕ್ತ ಬಂದರೆ, ಜ್ವರ ಏರಿದರೆ, ಮೂತ್ರ ನಿಂತರೆ, ಮಗು ಮಂಕಾದರೆ ಕೂಡಲೇ ಮರಳಿ ಬರಬೇಕು. ಎರಡು ತಿಂಗಳೊಳಗಿನ ಕೂಸಿಗೆ ಭೇದಿಯಾದರೆ ಮನೆಮದ್ದಿನ ಪ್ರಶ್ನೆಯೇ ಇಲ್ಲ, ನೇರ ಆಸ್ಪತ್ರೆಗೆ. ಉಳಿದ ದಿನಗಳ ಜಿಂಕ್ ಮಾತ್ರೆಯ ಮೇಲೆ ಕಣ್ಣಿಡಲು ಊರಿನ ಆಶಾ ಕಾರ್ಯಕರ್ತೆಗೆ ಹೇಳಿಕಳಿಸಿದರೆ ಆಸ್ಪತ್ರೆಯ ಕೆಲಸ ಮನೆಯವರೆಗೂ ಮುಟ್ಟುತ್ತದೆ.

ಕೇಳುವವರಿದ್ದರೆ ಕೊಡುತ್ತಾರೆ

2024ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಒಂದು ಅಧ್ಯಯನ ಕರ್ನಾಟಕ ಮತ್ತು ಬಿಹಾರದ 253 ಪಟ್ಟಣಗಳಲ್ಲಿ ನಡೆದಿತ್ತು. ಮಗುವಿನ ಮನೆಯವರಂತೆ ನಟಿಸುವವರನ್ನು ಎರಡು ಸಾವಿರಕ್ಕೂ ಹೆಚ್ಚು ಖಾಸಗಿ ಚಿಕಿತ್ಸಕರ ಬಳಿ ಕಳಿಸಲಾಯಿತು. ಓಆರ್‌ಎಸ್ ಒಳ್ಳೆಯದು ಎಂದು ಗೊತ್ತಿದ್ದರೂ ಅವರಲ್ಲಿ ಅನೇಕರು ಅದನ್ನು ಬರೆಯುತ್ತಿರಲಿಲ್ಲ. ದಾಸ್ತಾನು ಇಲ್ಲದಿರುವುದು, ಬೇರೆ ಔಷಧ ಮಾರಿದರೆ ಬರುವ ಲಾಭ, ಇವೆರಡೂ ಸಣ್ಣ ಕಾರಣಗಳಾಗಿದ್ದವು. ದೊಡ್ಡ ಕಾರಣ, ‘ಜನರಿಗೆ ಓಆರ್‌ಎಸ್ ಬೇಕಿಲ್ಲ’ ಎಂಬ ಚಿಕಿತ್ಸಕರ ನಂಬಿಕೆ. ಓಆರ್‌ಎಸ್ ಬೇಕು ಎಂದು ಬಂದವರೇ ಸೂಚಿಸಿದಾಗ ಅದನ್ನು ಕೊಡುವುದು ಶೇಕಡಾ 27 ಅಂಶಗಳಷ್ಟು ಏರಿತು.

ಇದರಲ್ಲಿ ಇಬ್ಬರಿಗೆ ಪಾಠವಿದೆ. ಮನೆಯವರು ಬಾಯಿಬಿಟ್ಟು ಕೇಳಬೇಕು: ‘ಓಆರ್‌ಎಸ್, ಜಿಂಕ್ ಕೊಡಿ, ಹೇಗೆ ಕೊಡೋದು ತೋರಿಸಿ ಸಿಸ್ಟರ್.’ ಆಸ್ಪತ್ರೆ ನಡೆಸುವವರು, ತೋರಿಸಿಕೊಡಲು ತಗಲುವ ಹೊತ್ತನ್ನೂ ಚಿಕಿತ್ಸೆಯ ಹೊತ್ತೆಂದು ಎಣಿಸಬೇಕು. ಒಬ್ಬ ನರ್ಸ್ ಇಡೀ ವಾರ್ಡ್ ಓಡಾಡುತ್ತಿದ್ದರೆ ಡ್ರಿಪ್ ಹಾಕುವುದೇ ಆಕೆಗೆ ಸುಲಭವಾಗಿ ಕಾಣುತ್ತದೆ, ಏಕೆಂದರೆ ಬಾಟಲಿಗೆ ಪಾಠ ಹೇಳಬೇಕಿಲ್ಲ. ಭೇದಿಯಿಂದ ಮಕ್ಕಳನ್ನು ಉಳಿಸುವ ವಿದ್ಯೆ ಅರ್ಧ ಶತಮಾನದಿಂದ ನಮ್ಮ ಕೈಯಲ್ಲಿದೆ. ಅದನ್ನು ಪ್ರತಿ ತಾಯಿಗೂ ತಾಳ್ಮೆಯಿಂದ ದಾಟಿಸುವಷ್ಟು ನರ್ಸ್‌ಗಳನ್ನು ನೇಮಿಸುವುದು ಈಗ ಆಗಬೇಕಾದ ಕೆಲಸ.